ಮಹಡಿಯಮ್ಮನಿಗೆ ಒಂದು ಬುಟ್ಟಿ ಗೊಬ್ಬರ

ಬಹಳ ಬಹಳ ಹಿಂದೆ, ಅಂದರೆ ಹೋದ ಚಳಿಗಾಲದಲ್ಲಿ, ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಒಬ್ಬಳು ತಾಯಿ, ಒಬ್ಬಳು ಹೆಂಡತಿ, ಒಬ್ಬಳು ಮಗಳು ಮತ್ತು ಒಂದು ನಾಲಿಗೆ. ಮೊದಲ ಮೂವರು ಅವನ ಮಾತು ಕೇಳುತ್ತಿರಲಿಲ್ಲ. ನಾಲಿಗೆಯಂತೂ ಅವನನ್ನು ಒಂದು ಮಾತೂ ಕೇಳದೆ ತಾನೇ ಆಡಿಬಿಡುತ್ತಿತ್ತು. ಅದೇ ಮನೆಯ ಮಹಡಿಯ ಮೇಲೆ ಒಬ್ಬ ರಾಣಿ ಇದ್ದಳು. ರಾಣಿಗೆ ಸಾಲು ಸಾಲು ಗುಲಾಬಿ ಕುಂಡ. ಆದರೆ ಗಿಡಗಳಿಗೆ ಏನು ಕೊರಗೋ, ಮೊಗ್ಗೇ ಬಿಡುತ್ತಿರಲಿಲ್ಲ. ಕಥೆಯೆಂದ ಮೇಲೆ ಇನ್ನೇನು, ಗಡಿಯಾರದವನು ರಾಣಿಗೆ ಮಾತು ಕೊಟ್ಟ. ಕೊಟ್ಟ ಮಾತು ಅವನ ಕುತ್ತಿಗೆಗೇ ಬಂತು.

ಗಡಿಯಾರದವನು ನನ್ನ ಅಪ್ಪ. ರಾಣಿ ನಮ್ಮ ಮನೆಯ ಮಾಲೀಕರು. ಅಜ್ಜಿಯ ಪಕ್ಕ ಮಲಗಿ ಕಥೆ ಕೇಳುತ್ತಲೇ ಬೆಳೆದ ನನಗೆ ಅವರನ್ನು ರಾಣಿ ಎಂದೇ ಬರೆಯಬೇಕೆನಿಸುತ್ತದೆ. ಆದರೆ ಬೀದಿಯವರೆಲ್ಲ ಮಹಡಿಯಮ್ಮ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಅಪ್ಪ ಹೆದರುಪುಕ್ಕಲ. ನಾಯಿ, ಲಿಫ್ಟು, ಸಮವಸ್ತ್ರ ತೊಟ್ಟವರು, ಹೆಸರು ತೋರಿಸದ ಫೋನ್ ಕರೆ, ಎಲ್ಲದಕ್ಕೂ ಹೆದರುತ್ತಾನೆ. ಹೆದರಿದಾಗ ಲೋಕದ ಜನ ಬಾಯಿ ಮುಚ್ಚುತ್ತಾರೆ. ಅಪ್ಪ ಹೆದರಿದಾಗ ಜಂಬ ಕೊಚ್ಚುತ್ತಾನೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡುತ್ತಲೇ “ನಾನು ನಾಯಿ ಪಳಗಿಸಿದವನು ಕಣೋ” ಎಂದು ನಾಯಿಗೇ ಹೇಳುತ್ತಾನೆ.

ಆ ಬೆಳಿಗ್ಗೆ ಮಹಡಿಯಮ್ಮ ಮೆಟ್ಟಿಲಿಳಿದು ಬಂದಾಗ ಅವರ ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಕೈಯಲ್ಲಿದ್ದ ಚಪ್ಪಲಿಯ ಅಡಿಗೆ ಎಲೆಕೋಸಿನ ಎಲೆಯೊಂದು ಅಂಟಿಕೊಂಡಿತ್ತು. ಬೆಕ್ಕು ಯಾರದೋ ಕಸದ ಚೀಲ ಹರಿದು ಮೆಟ್ಟಿಲ ತುಂಬ ಹರಡಿತ್ತು. ಕೆಳಗಿನ ಎರಡು ಮನೆಗಳ ಜನರೂ ಅಂಗಳಕ್ಕೆ ಬಂದು ನಿಂತೆವು.

“ಈ ಎಲೆ ಯಾರ ಮನೇದು? ಇನ್ನೊಂದು ಮೆಟ್ಟಿಲು ಜಾರಿದ್ರೆ ನನ್ನ ಸೊಂಟ ಇವತ್ತೇ ಮೇಲಕ್ಕೆ ಹೋಗ್ತಿತ್ತು, ನಾನು ಕೆಳಗೆ ಬರ್ತಿದ್ದೆ.”

ಪಕ್ಕದ ಮನೆಯ ಗಾರ್ಡ್ ಮಾವ ಮೊದಲು ಬಾಯಿಬಿಟ್ಟರು. ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಸೀಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು. “ನಮ್ಮನೇಲಿ ಎಲೆಕೋಸು ತರೋದಿಲ್ಲಮ್ಮ. ವಾಯು.”

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಡುಗೆಮನೆಯಲ್ಲಿ ಅಮ್ಮ ಆ ಎಲೆಕೋಸಿನ ಉಳಿದರ್ಧವನ್ನು ತಟ್ಟೆ ಕವುಚಿ ಮುಚ್ಚಿದ ಸದ್ದು ನನಗೆ ಕೇಳಿಸಿತು.

ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. “ನಮ್ಮನೇದು ಆಗೋಕೆ ಸಾಧ್ಯಾನೇ ಇಲ್ಲ. ಯಾಕಂದ್ರೆ... ನಮ್ಮ ಮನೆಯಿಂದ ಕಸ ಅನ್ನೋದು ಹೊರಗೆ ಹೋಗೋದೇ ಇಲ್ಲ.”

“ಹೊರಗೆ ಹೋಗಲ್ವಾ? ಮತ್ತೇನು, ಕೂತ್ಕೊಂಡು ತಿಂತೀರಾ?”

“ಗೊಬ್ಬರ ಮಾಡ್ತೀವಿ. ಒಳ್ಳೇ ಕಪ್ಪು ಗೊಬ್ಬರ. ಸಕ್ಕರೆ ಥರ ಉದುರುತ್ತೆ.”

ನನಗೆ ತಿಳಿದ ಮಟ್ಟಿಗೆ ನಮ್ಮ ಮನೆಯಲ್ಲಿ ಸಕ್ಕರೆ ಥರ ಉದುರುತ್ತಿದ್ದುದು ಗೋಡೆಯ ಸುಣ್ಣ ಮಾತ್ರ.

ಮಹಡಿಯಮ್ಮ ಚಪ್ಪಲಿಯನ್ನು ನಿಧಾನವಾಗಿ ಕೆಳಗಿಟ್ಟು ಕಾಲಿಗೆ ಹಾಕಿಕೊಂಡರು. ಅವರ ದನಿ ತಣ್ಣಗಾಯಿತು. ಕೂಗುವಾಗಿನ ಮಹಡಿಯಮ್ಮನಿಗಿಂತ ತಣ್ಣಗಿನ ಮಹಡಿಯಮ್ಮ ಅಪಾಯಕಾರಿ. “ಸರಿ. ನನ್ನ ತಮ್ಮನಿಗೆ ಈ ಊರಿಗೆ ವರ್ಗ ಆಗಿದೆ, ಮನೆ ಬೇಕು ಅಂತಾನೆ. ನಿಮ್ಮನ್ನ ಹೇಗೆ ಬಿಡಿಸೋದು ಅಂತ ಸಂಕೋಚ ಪಡ್ತಾ ಇದ್ದೆ. ಚಳಿ ಮುಗಿದ ಮೇಲೆ ನಾನು ಗುಲಾಬಿ ಕೊಂಬೆ ಕತ್ತರಿಸಿ ಸವರ್ತೀನಿ. ಅವತ್ತು ನಂಗೆ ಒಂದು ಬುಟ್ಟಿ ಗೊಬ್ಬರ ಕೊಡಿ. ಕೊಟ್ರೆ ನನ್ನ ತಮ್ಮ ಬೇರೆ ಮನೆ ಹುಡುಕ್ತಾನೆ. ಕೊಡದಿದ್ರೆ ನೀವು ಹುಡುಕಿ.”

“ಒಂದು ಬುಟ್ಟಿ ಏನಮ್ಮ...” ಎಂದು ಅಪ್ಪ ಶುರುಮಾಡುವಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಅವನ ಅಂಗಿ ಹಿಡಿದು ಎಳೆದುಕೊಂಡು ಹೋದಳು. ಇಲ್ಲದಿದ್ದರೆ ಅವನು ಲಾರಿ ತುಂಬ ಒಪ್ಪಿಕೊಂಡು ಬರುತ್ತಿದ್ದ.

ಒಳಗೆ ಯಾರೂ ನಗಲಿಲ್ಲ. ಅಜ್ಜಿ ಗೋಡೆ ಸವರಿಕೊಂಡು ಬಂದು ಕುರ್ಚಿಯಲ್ಲಿ ಕುಳಿತಳು. ಅವಳ ಕಣ್ಣಿಗೆ ಈಗ ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತದೆ. ಈ ಮನೆ ಅವಳ ಅಂಗೈಗೆ ಗೊತ್ತು. ಬಾಗಿಲ ಚಿಲಕ, ಅಡುಗೆಮನೆಯ ಮೂಲೆ, ಬಚ್ಚಲಿನ ಹೊಸ್ತಿಲು, ಎಲ್ಲವನ್ನೂ ಬೆರಳಿನಲ್ಲೇ ನೋಡುತ್ತಾಳೆ. ಬೇರೆ ಮನೆಯೆಂದರೆ ಅವಳಿಗೆ ಬರೀ ಕತ್ತಲೆ.

“ಹೋಗೋದೇ ಆದ್ರೆ ಈ ಗೋಡೇನೂ ತಗೊಂಡು ಹೋಗೋಣ ಕಣೋ” ಎಂದಳು ಅಜ್ಜಿ. ಅಪ್ಪ ಅವತ್ತು ಊಟ ಮಾಡಲಿಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ಹೊಸ ಆಳ್ವಿಕೆ. ಆಡಿದ ಜಂಬವನ್ನು ನಿಜ ಮಾಡಲೇಬೇಕಿತ್ತು. ಒಂದು ಚೂರು ಕಸವೂ ಬಾಗಿಲು ದಾಟಕೂಡದು, ಗಾರ್ಡ್ ಮಾವ ನೋಡಿಬಿಟ್ಟಾರು. ಹಾಗೆ ದಾಟಬಾರದೆಂದರೆ ಮೊದಲು ಒಳಗೇ ಬರಬಾರದು. ಅಪ್ಪ ಅಂಗಡಿಗೆ ಹೋಗುವಾಗ ಡಬ್ಬಿ, ಸೀಸೆ, ಪಾತ್ರೆಗಳನ್ನೆಲ್ಲ ಕೊರಳಿಗೆ, ಮೊಣಕೈಗೆ, ಸೊಂಟಕ್ಕೆ ನೇತುಹಾಕಿಕೊಂಡು ಹೊರಟ. ಅವನು ಬೀದಿಯಲ್ಲಿ ನಡೆದರೆ ಅಡುಗೆಮನೆಯೇ ವಾಯುವಿಹಾರಕ್ಕೆ ಹೊರಟಂತಿತ್ತು. ಬೇಕರಿಯವನು ಬ್ರೆಡ್ಡಿಗೆ ಕಾಗದ ಸುತ್ತಲು ಬಂದರೆ ಅಪ್ಪ ಬೆಚ್ಚಿ ಹಿಂದೆ ಸರಿದ.

“ಬೇಡ ಬೇಡ, ಹಾಗೇ ಕೊಡಿ.”

“ಹಾಗೇ ಅಂದ್ರೆ?”

“ಬರಿ ಮೈಯಲ್ಲಿ.”

ಬೇಕರಿಯವನು ಬ್ರೆಡ್ಡನ್ನೂ ಅಪ್ಪನನ್ನೂ ಒಮ್ಮೆ ನೋಡಿ ಕೊಟ್ಟುಬಿಟ್ಟ. ಅಪ್ಪ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮನೆ ಸೇರುವಾಗ ಹಿಂದೆ ಊರಿನ ನಾಯಿಗಳೆಲ್ಲ ಮೆರವಣಿಗೆ ಬಂದವು. ಬಾಗಿಲು ಹಾಕಿಕೊಂಡ ಮೇಲೆ ಅವನು ಬ್ರೆಡ್ಡಿಗಿಂತ ಬೆಳ್ಳಗಾಗಿದ್ದ.

ಅಮ್ಮ ಹಳೆಯ ಅಂಗಿಗಳನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿದಳು. ಅಪ್ಪನ ಪ್ಯಾಂಟಿನ ಕಾಲುಗಳು ಆಲೂಗಡ್ಡೆಯ ಚೀಲಗಳಾದವು. “ನಾಳೆ ನನ್ನನ್ನೂ ಹೊಲಿದು ಒಂದು ಚೀಲ ಮಾಡ್ಕೊಳ್ಳಿ, ಗಟ್ಟಿಯಾಗಿ ಬರ್ತೀನಿ” ಎಂದು ಗೊಣಗುತ್ತಲೇ ಅಳತೆ ನೋಡಿ ಅಡುಗೆ ಮಾಡಿದಳು. ಚೆಲ್ಲುವುದು ಉಳಿಯಲಿಲ್ಲ. ಸೌತೆಕಾಯಿ ಸಿಪ್ಪೆಯ ಸಮೇತ ತಟ್ಟೆಗೆ ಬಂತು.

“ನಂಗಿರೋ ಹಲ್ಲಿಗೆ ತಿರುಳೇ ಹೆಚ್ಚು, ಸಿಪ್ಪೆ ಬೇರೆ” ಎಂದಳು ಅಜ್ಜಿ.

“ಅಮ್ಮಾ, ಮನೆ ಉಳೀಬೇಕು ಅಂದ್ರೆ ಅಗಿ” ಎಂದ ಅಪ್ಪ.

ಅಜ್ಜಿ ಮನೆಯ ಮೇಲಿನ ಪ್ರೀತಿಗೆ ಅಗಿದಳು.

ಏನೇ ಮಾಡಿದರೂ ಉಳಿಯುವುದು ಉಳಿಯಿತು: ಈರುಳ್ಳಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಸೋಸಿದ ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ, ಎಲೆಕೋಸಿನ ದಂಟು. ಇವೇ ಗೊಬ್ಬರವಾಗಬೇಕಾದ ಪ್ರಜೆಗಳು. ಅಪ್ಪ ಎಲ್ಲಿಂದಲೋ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಉರುಳಿಸಿಕೊಂಡು ಬಂದು ಬಚ್ಚಲಮನೆಯ ಮೂಲೆಯಲ್ಲಿ ನಿಲ್ಲಿಸಿದ. ಕೆಲವು ವಾರಗಳಲ್ಲಿ ಅದು ಕಂಠಮಟ್ಟ ತುಂಬಿತು.

ಇಲ್ಲಿ ಓದುಗರು ಗಡಿಯಾರ ರಿಪೇರಿಯವರ ಒಂದು ನಂಬಿಕೆಯನ್ನು ತಿಳಿದುಕೊಳ್ಳಬೇಕು. ಅವರಿಗೆ ಲೋಕದಲ್ಲಿ ಒಬ್ಬನೇ ಶತ್ರು, ಧೂಳು. ಧೂಳು ಗಾಳಿಯ ಬೆನ್ನೇರಿ ಬರುತ್ತದೆ. ಆದ್ದರಿಂದ ಗಾಳಿಯೂ ಶತ್ರು. ಅಂಗಡಿಯಲ್ಲಿ ಅಪ್ಪ ಗಡಿಯಾರದ ಬೆನ್ನು ಬಿಚ್ಚಿ ಕೂತರೆ ಫ್ಯಾನು ಆರಿಸುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ, ಗಿರಾಕಿ ಸೀನಿದರೆ ಜಗಳಕ್ಕೆ ನಿಲ್ಲುತ್ತಾನೆ. ಇಡೀ ಆಯುಷ್ಯ ಹೀಗೆ ಕಳೆದವನು ಗೊಬ್ಬರ ಮಾಡಲು ಹೊರಟರೆ ಏನು ಮಾಡಿಯಾನು?

“ಒಳಗೊಂದು ಸೂಕ್ಷ್ಮವಾದ ಕೆಲಸ ನಡೀತಿರುತ್ತೆ” ಎಂದು ನಮಗೆಲ್ಲ ವಿವರಿಸಿದ. “ಒಂದು ಚೂರು ಗಾಳಿ ಹೋದ್ರೂ ಕೆಟ್ಟಿತು.”

ಮುಚ್ಚಳಕ್ಕೆ ರಬ್ಬರಿನ ಬಳೆ ಕೂರಿಸಿದ. ಸುತ್ತ ಮೇಣ ಕರಗಿಸಿ ಸುರಿದ. ಅದರ ಮೇಲೆ ಕಬ್ಬಿಣದ ಪಟ್ಟಿ ಹಾಕಿ ಸ್ಪ್ಯಾನರಿನಿಂದ ಬಿಗಿದ. ಕಿವಿಯಿಟ್ಟು ಕೇಳಿದ. ಏನೂ ಕೇಳಿಸಲಿಲ್ಲ. ಗಡಿಯಾರ ಕಟ್ಟಿಕೊಟ್ಟ ಮೇಲೆ ನಗುವ ಹಾಗೆ ನಕ್ಕ. ಆ ಚಳಿಗಾಲದಲ್ಲಿ ಅದೇ ಅವನ ಕಡೆಯ ನಗು.

ಮೊದಲು ಕೇಳಿದವಳು ನಾನು. ಮಧ್ಯಾಹ್ನ ಮುಖ ತೊಳೆಯುತ್ತಿದ್ದೆ. ಬೆನ್ನ ಹಿಂದೆ ಯಾರೋ ‘ಗುಳುಕ್’ ಎಂದರು. ಅಜ್ಜಿಯ ಕಥೆಗಳಲ್ಲಿ ಮುಚ್ಚಿ ಮುದ್ರೆ ಹಾಕಿದ ಕುಡಿಕೆಯೊಳಗೆ ಎಂದೂ ಒಳ್ಳೆಯದು ಇದ್ದದ್ದಿಲ್ಲ. ಕಣ್ಣಿಗೆ ಸೋಪು ಇದ್ದಂತೆಯೇ ಹೊರಗೆ ಓಡಿಬಂದೆ.

“ಅಪ್ಪಾ, ಅದು ಮಾತಾಡ್ತು.”

“ಏನಂತು?”

“ಗುಳುಕ್ ಅಂತು.”

ಅಪ್ಪ ಸ್ಪ್ಯಾನರು ಹಿಡಿದು ಹೋಗಿ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದು ಬಂದ.

ಆ ವಾರ ಡ್ರಮ್ಮಿನ ಹೊಟ್ಟೆ ಉಬ್ಬಿತು. ಮೊದಲು ಸಣ್ಣಗೆ, ಊಟವಾದ ಮೇಲಿನ ಮನುಷ್ಯರ ಹಾಗೆ. ಆಮೇಲೆ ಒಂದು ಮದುವೆಮನೆಯ ಊಟವನ್ನು ಒಬ್ಬನೇ ಉಂಡವನ ಹಾಗೆ. ಮುಚ್ಚಳ ಗೋಪುರದಂತೆ ಎದ್ದಿತು. ಬೆಳಿಗ್ಗೆ ‘ಕಿರ್ರ್’ ಎಂದರೆ ಸಂಜೆ ‘ಹೂಂ...’ ಎಂದು ನರಳುತ್ತಿತ್ತು. ಎಲ್ಲೋ ಒಂದು ಕೂದಲೆಳೆಯ ಸಂದಿನಿಂದ ಬರುವ ನಾತಕ್ಕೆ ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಅಪ್ಪ ಅಮ್ಮನ ಹೊಲಿಗೆ ಮಷೀನನ್ನು ಎತ್ತಿ ಅದರ ತಲೆಯ ಮೇಲಿಟ್ಟ.

“ರೀ, ನನ್ನ ಮಷೀನು ನಿನ್ನೆಗಿಂತ ಮೇಲೆ ಇದೆ.”

“ನಿಂಗೆ ಹಾಗೆ ಅನ್ನಿಸ್ತಿದೆ.”

“ನಿನ್ನೆ ಸೂಜಿ ಕಿಟಕಿ ಚೌಕಟ್ಟಿಗೆ ಸಮ ಇತ್ತು. ಇವತ್ತು ಆಕಾಶ ಕಾಣ್ತಿದೆ ಅದಕ್ಕೆ.”

ಸ್ನಾನ ಈಗ ಎಲ್ಲರಿಗೂ ಒಂದು ಚೊಂಬಿನ ಕೆಲಸ. ಬಾಗಿಲು ತೆರೆದೇ, ಕಣ್ಣು ಡ್ರಮ್ಮಿನ ಮೇಲೇ. ನೀರಿನ ಖರ್ಚು ತಾನಾಗಿ ಇಳಿಯಿತು. ಮನೆಯಲ್ಲಿ ಏನೂ ವ್ಯರ್ಥವಾಗದಂತೆ ಮಾಡಲು ಭಯದಷ್ಟು ಒಳ್ಳೆಯ ಉಪಾಯ ನಾನು ಇನ್ನೊಂದು ಕಂಡಿಲ್ಲ.

“ತೆಗೆದುಬಿಡಿ ಅದನ್ನ” ಎಂದಳು ಅಮ್ಮ.

“ತೆಗೆದ್ರೆ ಕೆಟ್ಟುಹೋಗುತ್ತೆ. ಕೆಟ್ರೆ ಮನೆ ಹೋಗುತ್ತೆ.”

“ತೆಗೀದಿದ್ರೂ ಮನೆ ಹೋಗುತ್ತೆ ರೀ, ಚಾವಣಿ ಸಮೇತ.”

ಧೈರ್ಯ ತಂದುಕೊಂಡವಳು ಅಜ್ಜಿ ಒಬ್ಬಳೇ. ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿ, ಸ್ಟೂಲಿನ ಮೇಲೆ ಕುಳಿತು, ಡ್ರಮ್ಮಿನ ಹೊಟ್ಟೆಯ ಮೇಲೆ ಕೈಯಿಟ್ಟಳು. “ಬೆಚ್ಚಗಿದೆ ಪಾಪ. ಒಂಟಿಯಾಗಿ ಕೂಡಿಹಾಕಿದ್ದಾರೆ, ಹೆದರಿದೆ ಅಷ್ಟೆ.” ಆಮೇಲೆ ದಿನಾ ಸಂಜೆ ಅದಕ್ಕೆ ಕಥೆ ಹೇಳತೊಡಗಿದಳು. ಏಳು ಸಮುದ್ರದಾಚೆಯ ಗಿಣಿಯ ಕಥೆ, ಅಳುವ ರಾಕ್ಷಸನ ಕಥೆ. ನಡುನಡುವೆ ಡ್ರಮ್ಮು ‘ಹೂಂ’ ಎನ್ನುತ್ತಿತ್ತು. ಕಥೆ ಕೇಳುವವರು ‘ಹೂಂ’ ಅನ್ನಬೇಕಲ್ಲ, ಅಜ್ಜಿಗೆ ಬಹಳ ತೃಪ್ತಿಯಾಯಿತು. ನಾನು ಹೊಸ್ತಿಲ ಈಚೆ ಕುಳಿತು ಕೇಳುತ್ತಿದ್ದೆ. ಕಥೆಯ ಮಟ್ಟಿಗೆ ಮನಸ್ಸು ಅರಳಿ, ‘ಹೂಂ’ ಬಂದಾಗಲೆಲ್ಲ ಮೈ ಮುದುಡುತ್ತಿತ್ತು.

ನಮ್ಮ ಬಚ್ಚಲಿಗೂ ಗಾರ್ಡ್ ಮಾವನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅದೂ ತೆಳು. ಗಾರ್ಡ್ ಮಾವ ಅಂಗಳದಲ್ಲಿ ಕಂಡದ್ದನ್ನೂ ಗೋಡೆಯಾಚೆಯಿಂದ ಕೇಳಿದ್ದನ್ನೂ ಒಂದೊಂದೇ ಬೋಗಿಯಂತೆ ಜೋಡಿಸಿದರು. ಈ ಮನೆಯಿಂದ ವಾರಗಳಿಂದ ಒಂದು ಚೂರು ಕಸ ಹೊರಬಿದ್ದಿಲ್ಲ, ಅಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಮನೆಯವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾರೆ. ಒಳಗೆ ಯಾರೋ ನರಳುತ್ತಾರೆ. ಮುದುಕಿ ದಿನಾ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುತ್ತಾಳೆ. ರೈಲು ಪೂರ್ತಿಯಾಯಿತು. ಅವರು ಸೀಟಿ ಹಿಡಿದು ಮಹಡಿ ಹತ್ತಿದರು.

“ಅಮ್ಮಾ, ಕೆಳಗಿನ ಮನೇಲಿ ಯಾರನ್ನೋ ಬಚ್ಚಿಟ್ಟಿದ್ದಾರೆ. ಅಂಟುಜಾಡ್ಯ. ಉಳಿಯೋ ಗಿರಾಕಿ ಅಲ್ಲ.”

ಮಹಡಿಯಮ್ಮ ಕೂಡಲೆ ಕೈ ತೊಳೆದುಕೊಂಡರು. ಆಮೇಲೆ ನಗರಸಭೆಗೆ ಫೋನು ಮಾಡಿದರು.

ಆರೋಗ್ಯ ನಿರೀಕ್ಷಕರು ಬಂದದ್ದು ಸಂಜೆಯ ಹೊತ್ತು. ಬಿಳಿ ನಿಲುವಂಗಿ, ಕೈಗವಸು, ಮೂಗಿನ ಮೇಲೆ ಎರಡು ಮಾಸ್ಕು. ಅವರ ಹಿಂದೆ ಮಹಡಿಯಮ್ಮ, ಅವರ ಹಿಂದೆ ಗಾರ್ಡ್ ಮಾವ. ಕಡೆಯಲ್ಲಿ ಮಹಡಿಯಮ್ಮನ ತಮ್ಮ. ಅವನು ತನ್ನ ಮಂಚ ಹಿಡಿಸುತ್ತದೋ ಇಲ್ಲವೋ ನೋಡಲು ಅಳತೆಯ ಟೇಪು ಹಿಡಿದು ಬಂದಿದ್ದ. ರೋಗಕ್ಕೆ ಹೆದರಿ ಉಸಿರು ಕಟ್ಟಿಕೊಂಡೇ ನಮ್ಮ ಹಜಾರದ ಉದ್ದ ಅಳೆಯತೊಡಗಿದ.

ಅಪ್ಪ ಬಿಳಿ ನಿಲುವಂಗಿ ನೋಡಿದ್ದೇ ತಡ, ಗೋಡೆಗೆ ಅಂಟಿಕೊಂಡ. ಬಚ್ಚಲಲ್ಲಿ ಡ್ರಮ್ಮು ಇಡುವುದೇ ಕಾನೂನಿಗೆ ವಿರುದ್ಧವಿರಬೇಕು ಎಂದುಕೊಂಡ.

“ನಿಜ ಹೇಳಿ. ಒಳಗೆ ಇದೆಯಾ?”

“ಇದೆ ಸಾರ್.”

“ಎಷ್ಟು ದಿನದಿಂದ?”

“ತಿಂಗಳಾಗ್ತಾ ಬಂತು.”

ಗಾರ್ಡ್ ಮಾವ ಮಹಡಿಯಮ್ಮನ ಕಡೆ ನೋಡಿ ತಲೆ ಆಡಿಸಿದರು.

“ಯಾರಿಗೂ ಯಾಕೆ ಹೇಳಲಿಲ್ಲ?”

“ಎಲ್ಲಾ ಸರಿಹೋದ ಮೇಲೆ ತೋರಿಸೋಣ ಅಂತ...”

“ಈಗ ಸ್ಥಿತಿ ಹೇಗಿದೆ?”

“ಹೊಟ್ಟೆ ಊದಿದೆ ಸಾರ್. ಮೈ ಸ್ವಲ್ಪ ಬಿಸಿ. ನರಳುತ್ತೆ.”

“ಊಟ ತಿಂಡಿ?”

“ಮೊದಲೇ ಕಂಠದವರೆಗೂ ತುಂಬಿಸಿದ್ದೆ. ಆಮೇಲೆ ಏನೂ ಹಾಕಿಲ್ಲ.”

ನಿರೀಕ್ಷಕರು ಮಾಸ್ಕುಗಳನ್ನು ಇನ್ನೊಮ್ಮೆ ಬಿಗಿದುಕೊಂಡರು. “ಗಾಳಿ? ಗಾಳಿಯಾದ್ರೂ ಬರುತ್ತೇನ್ರೀ ಒಳಗೆ?”

ಈ ಪ್ರಶ್ನೆ ಬಂದಾಗ ಅಪ್ಪನ ಹೆದರಿಕೆ ಜಂಬದ ಕಡೆ ವಾಲಿದ್ದನ್ನು ನಾನು ಕಣ್ಣಾರೆ ಕಂಡೆ. “ಅದರ ಯೋಚನೆ ಬಿಡಿ ಸಾರ್. ಒಂದು ಎಳೆ ಗಾಳಿ ಹೋಗಲ್ಲ. ರಬ್ಬರ್ ಕೂರಿಸಿದ್ದೀನಿ, ಮೇಣ ಸುರಿದಿದ್ದೀನಿ, ಮೇಲಿಂದ ಕಬ್ಬಿಣದ ಪಟ್ಟಿ. ಸಾಲದ್ದಕ್ಕೆ ತಲೆ ಮೇಲೆ ಹೊಲಿಗೆ ಮಷೀನು ಹೇರಿದ್ದೀನಿ. ನಮ್ಮಮ್ಮ ಪಕ್ಕದಲ್ಲೇ ಕೂತು ಕಥೆ ಹೇಳ್ತಾರೆ.”

ನಿರೀಕ್ಷಕರು ಕುರ್ಚಿ ಹುಡುಕಿದರು. ಗಾರ್ಡ್ ಮಾವನ ಬಾಯಲ್ಲಿದ್ದ ಸೀಟಿ ತಾನಾಗಿ ಊದಿತು.

“ಪಾಪಿ!” ಎಂದರು ಮಹಡಿಯಮ್ಮ. “ನನ್ನ ಮನೇಲಿ! ಯಾರಯ್ಯಾ ಅದು?”

“ನಿಮ್ಮದೇ ಅಮ್ಮ” ಎಂದ ಅಪ್ಪ ವಿನಯದಿಂದ. “ನಿಮಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು.”

ಮಹಡಿಯಮ್ಮ ತಮ್ಮನ ತೋಳು ಹಿಡಿದುಕೊಂಡರು. ಆಗಲೇ ಬಚ್ಚಲಿನಿಂದ ಉದ್ದನೆಯ, ಆಳವಾದ ‘ಹೂಂ...’ ಬಂತು. ಒಳಗೆ ಅಜ್ಜಿಯ ದನಿ: “ಅಷ್ಟರಲ್ಲಿ ರಾಕ್ಷಸನಿಗೆ ಹೊಟ್ಟೆನೋವು ಬಂತಂತೆ ಕಂದಾ...”

“ಬಿಚ್ಚಿ!” ಎಂದು ಕೂಗಿದರು ನಿರೀಕ್ಷಕರು. “ಈಗಲೇ ಬಿಚ್ಚಿ! ಜೀವ ಇದ್ದರೂ ಇರಬಹುದು!”

ಅಮ್ಮ ಅಜ್ಜಿಯನ್ನು ಹೊರಗೆ ಕರೆತಂದಳು, ನಂತರ ಮಷೀನನ್ನೂ. ಈ ಕ್ರಮ ಸರಿಯಾಗಿತ್ತೆಂದು ಅವಳು ಈಗಲೂ ಹೇಳಿಕೊಳ್ಳುತ್ತಾಳೆ. ಅಪ್ಪ ಸ್ಪ್ಯಾನರು ಹಿಡಿದ. ನಿರೀಕ್ಷಕರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಮಹಡಿಯಮ್ಮನ ತಮ್ಮ, ಹೇಗೂ ಬಾಗಿಲು ತೆರೆದಿದೆಯಲ್ಲ ಎಂದು, ಟೇಪಿನ ಒಂದು ತುದಿಯನ್ನು ಬಚ್ಚಲಿನ ಗೋಡೆಗಿಟ್ಟು ಅಗಲ ಅಳೆಯುತ್ತಿದ್ದ.

“ಮೆಲ್ಲಗೆ” ಎಂದರು ನಿರೀಕ್ಷಕರು.

ಅಪ್ಪ ಮೆಲ್ಲಗೇ ತಿರುಗಿಸಿದ. ಒಂದು ಸುತ್ತು. ಏನೂ ಆಗಲಿಲ್ಲ. ಇನ್ನರ್ಧ ಸುತ್ತು. ಡ್ರಮ್ಮು ಒಮ್ಮೆ ಉಸಿರೆಳೆದುಕೊಂಡಂತೆ ನನಗೆ ಅನ್ನಿಸಿತು. ನನಗೆ ಅನ್ನಿಸುವುದನ್ನೆಲ್ಲ ನಂಬಬೇಕಿಲ್ಲ. ಆದರೆ ಆಮೇಲೆ ನಡೆದದ್ದನ್ನು ನಂಬಲೇಬೇಕು. ಬೀದಿಯೆಲ್ಲ ಕೇಳಿದೆ.

ಮುಚ್ಚಳ ಚಾವಣಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಮನೆಯ ಇಡೀ ಚಳಿಗಾಲದ ಅಡುಗೆ ಎದ್ದು ಬಂತು. ಡ್ರಮ್ಮು ಮೇಲಿಂದ ಕೆಳಗೆ ಸೀಳಿತು. ಗಾರ್ಡ್ ಮಾವ ಸೀಟಿ ಊದುತ್ತ ಅಂಗಳಕ್ಕೆ ಓಡಿದರು, ಅಂಗಳದಿಂದ ಬೀದಿಗೆ ಓಡಿದರು, ಸೀಟಿ ಮೂರನೆಯ ತಿರುವಿನಲ್ಲಿ ಕೇಳಿಸಿತು. ನಿರೀಕ್ಷಕರ ಬಿಳಿ ನಿಲುವಂಗಿಯಲ್ಲಿ ಬಿಳಿಯ ಜಾಗ ಹುಡುಕಬೇಕಾಯಿತು. ಮಹಡಿಯಮ್ಮನ ತಮ್ಮ ಟೇಪು ಹಿಡಿದ ಭಂಗಿಯಲ್ಲೇ ನಿಂತಿದ್ದ. ಅವನ ತಲೆಯ ಮೇಲೆ ಬಾಳೆಹಣ್ಣಿನ ಸಿಪ್ಪೆಯೊಂದು ಕೈಕಾಲು ಚಾಚಿ ಕುಳಿತಿತ್ತು. ವಾಸನೆಯ ವಿಷಯ ನಾನು ಬರೆಯುವುದಿಲ್ಲ. ಓದುವವರು ಊಟದ ಹೊತ್ತಿನಲ್ಲಿರಬಹುದು.

“ರೋಗಿ ಎಲ್ಲಿ?” ಎಂದರು ನಿರೀಕ್ಷಕರು, ಮುಖ ಒರೆಸಿಕೊಳ್ಳುತ್ತ.

“ಯಾವ ರೋಗಿ?” ಎಂದ ಅಪ್ಪ.

ಆಗ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಹೇಳಿ ಮುಗಿದ ಮೇಲೂ ಮಹಡಿಯಮ್ಮನ ಮುಖ ಸಡಿಲವಾಗಲಿಲ್ಲ. ಅವರು ಕೋಲಿನ ತುದಿಯಲ್ಲಿ ನೆಲದ ಮೇಲಿನ ಕಪ್ಪು ಪಾಯಸವನ್ನು ಮುಟ್ಟಿದರು. “ಇದೇನಾ? ಸಕ್ಕರೆ ಥರ ಉದುರೋದು?”

ಅಪ್ಪನ ನಾಲಿಗೆ ಮೊದಲ ಬಾರಿಗೆ ಒಳಗೇ ಉಳಿಯಿತು.

“ಅಕ್ಕಾ” ಎಂದ ತಮ್ಮ, ಸಿಪ್ಪೆ ತೆಗೆಯುತ್ತ. “ಇವರನ್ನ ಇವತ್ತೇ ಕಳಿಸು. ಮನೆ ತೊಳೆಸಿ ಸುಣ್ಣ ಹೊಡೆಸು. ಮಂಚ ಹಿಡಿಸುತ್ತೆ, ಅಳತೆ ಸರಿಯಾಗಿದೆ.”

ಮಹಡಿಯಮ್ಮ ಗೋಡೆ ಹಿಡಿದು ನಿಂತಿದ್ದ ಅಜ್ಜಿಯನ್ನು ಒಮ್ಮೆ ನೋಡಿದರು. “ಮಾತು ಮಾತೇ. ಗುಲಾಬಿ ಸವರೋ ದಿನದವರೆಗೂ ಇರ್ತಾರೆ. ಅವತ್ತು ಬುಟ್ಟಿ ಬರಬೇಕು. ಬರದಿದ್ರೆ ನೀನು ಮಂಚ ತಗೊಂಡು ಬಾ. ಈಗ ಇದನ್ನೆಲ್ಲ ಎತ್ತಿ ಅಂಗಳಕ್ಕೆ ಹಾಕಿ, ನನ್ನ ಕಣ್ಣಿಗೆ ಕಾಣೋ ಹಾಗೆ. ಇನ್ಮೇಲೆ ಮನೆಯೊಳಗೆ ಏನೂ ಬಚ್ಚಿಡಕೂಡದು.”

ಎತ್ತಿದೆವು. ಕೈಗೆ ಅಂಟಬಾರದೆಂದು ಅಂಗಳದ ಒಣಎಲೆ, ಹಳೆಯ ರಟ್ಟು, ಬಡಗಿಯ ಮನೆಯಿಂದ ತಂದ ಮರದ ಹೊಟ್ಟು, ಸಿಕ್ಕಿದ್ದನ್ನೆಲ್ಲ ಸುರಿದು ಬಳಿದೆವು. ಡ್ರಮ್ಮು ಸತ್ತಿತ್ತು. ಇದ್ದದ್ದು ಅಮ್ಮ ಒಗೆಯುವ ಬಟ್ಟೆ ಹಾಕುತ್ತಿದ್ದ ಬೆತ್ತದ ದೊಡ್ಡ ಬುಟ್ಟಿ, ಮೈತುಂಬ ಕಿಂಡಿ. ಅದಕ್ಕೇ ತುಂಬಿದೆವು. ಮುಚ್ಚಳ ಯಾರು ಹಾಕುತ್ತಾರೆ? ಅಪ್ಪನಿಗೆ ಧೈರ್ಯವಿಲ್ಲ, ಅಮ್ಮನಿಗೆ ಮನಸ್ಸಿಲ್ಲ. “ಮುಚ್ಚಿದರೆ ನಾನು ಮನೆ ಬಿಡ್ತೀನಿ” ಎಂದರು ಗಾರ್ಡ್ ಮಾವ. ಬುಟ್ಟಿ ಬಾಯಿ ತೆರೆದೇ ಕುಳಿತಿತು.

ಅಪ್ಪ ಕಿಟಕಿಯಿಂದ ಅದನ್ನು ನೋಡಿ ನೋಡಿ ಕೃಶವಾದ. “ಗಾಳಿ ಹೋಗ್ತಿದೆ” ಎನ್ನುತ್ತಿದ್ದ, ಮಗುವಿಗೆ ಚಳಿಯಾಗುತ್ತಿದೆ ಎನ್ನುವ ಹಾಗೆ. “ಎಲ್ಲಾ ಕಡೆಯಿಂದ ಗಾಳಿ ಹೋಗ್ತಿದೆ. ಮುಗೀತು.” ಅಮ್ಮ ಪಾತ್ರೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಅಜ್ಜಿ ದಿನವಿಡೀ ಗೋಡೆಗಳನ್ನು ಮುಟ್ಟಿಕೊಂಡು ಓಡಾಡಿದಳು. ನೆನಪಿಟ್ಟುಕೊಳ್ಳುತ್ತಿದ್ದಳೋ ಏನೋ.

ಬುಟ್ಟಿಯ ಹತ್ತಿರ ಹಾದುಹೋಗುವ ಪ್ರತಿಯೊಬ್ಬರಿಗೂ ಒಂದೇ ಭಯ: ಮತ್ತೆ ಉಬ್ಬಿದರೆ? ಗಾರ್ಡ್ ಮಾವ ಬೆಳಿಗ್ಗೆ ಎದ್ದವರೇ ತಮ್ಮ ಹಸಿರು ಬಾವುಟದ ಕೋಲನ್ನು ಅದರೊಳಗೆ ಚುಚ್ಚಿ, ತಿರುವಿ, ಗಾಳಿ ಬಿಟ್ಟು ಬರುತ್ತಿದ್ದರು. ಮಧ್ಯಾಹ್ನ ಅಮ್ಮ ಬಂದು ತಿರುವುತ್ತಿದ್ದಳು. ಮಹಡಿಯಮ್ಮ ಮೇಲಿಂದ ಕೂಗುತ್ತಿದ್ದರು: “ಚುಚ್ಚಿದ್ರಾ?” ಹಾಲಿನವನು, ಅಂಚೆಯವನು ಕೂಡ ಚುಚ್ಚದೆ ಗೇಟು ದಾಟುತ್ತಿರಲಿಲ್ಲ.

ಇನ್ನು ನಿರೀಕ್ಷಕರು. ಅವರು ವಾರ ವಾರ ಬರತೊಡಗಿದರು. “ರೋಗಿ ಇದ್ದಾನೆ ಅಂತ ಮೇಲಿನವರಿಗೆ ಹೇಳಿಬಿಟ್ಟಿದ್ದೀನಿ. ಈಗ ಇಲ್ಲ ಅಂದ್ರೆ ನನ್ನನ್ನೇ ವಿಚಾರಿಸ್ತಾರೆ. ಗುಣ ಆಯ್ತು ಅಂತಲೇ ಹೇಳಬೇಕು. ಗುಣ ಆಗೋವರೆಗೂ ಬರ್ಲೇಬೇಕು.” ಎರಡನೆಯ ಸಲ ಬಂದಾಗ ಬುಟ್ಟಿಯಿಂದ ಹೊಗೆಯಂಥ ಆವಿ ಏಳುತ್ತಿತ್ತು. ಅವರು ಥರ್ಮಾಮೀಟರು ಚುಚ್ಚಿ ತೆಗೆದು ನೋಡಿ ಬೆಳ್ಳಗಾದರು.

“ಜ್ವರ!”

“ಎಷ್ಟು?” ಎಂದರು ಮಹಡಿಯಮ್ಮ ಮೇಲಿಂದ.

“ಮನುಷ್ಯರಾಗಿದ್ರೆ ಹೇಳೋ ಹಾಗಿಲ್ಲ!”

ಬೀದಿ ಅಂಗಳದಿಂದ ದೂರ ನಡೆಯತೊಡಗಿತು. ಗಾರ್ಡ್ ಮಾವ ಕೆಂಪು ಬಾವುಟ ನೆಟ್ಟರು. ಅಪ್ಪ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಳಿತ. ಬುಟ್ಟಿಯೂ ಬೆಂಕಿ ಹತ್ತಿ ಹೋದರೆ ಇನ್ನೇನು ಉಳಿಯಿತು? ಎಲ್ಲರೂ ಇನ್ನೂ ಜೋರಾಗಿ ತಿರುವಿದರು, ಮೇಲೆ ಒಣಎಲೆ ಹೊದಿಸಿದರು. ಅಜ್ಜಿ ಮಾತ್ರ ಸ್ಟೂಲು ಹಾಕಿಸಿಕೊಂಡು ಪಕ್ಕದಲ್ಲಿ ಕುಳಿತು ಚಳಿ ಕಾಯಿಸಿಕೊಂಡಳು. ಕಥೆ ಮುಂದುವರಿಯಿತು. ಈಗ ‘ಹೂಂ’ ಅನ್ನುವವರು ಇರಲಿಲ್ಲ, ನಾನೇ ಅಂದೆ.

ವಾರಗಳು ಹೋದವು. ಜ್ವರ ಇಳಿಯಿತು. ನಾತವೂ ಹೋಯಿತು, ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ. ಹೆದರಿದವರು ಹತ್ತಿರ ಹೋಗಿ ಮೂಸುವುದಿಲ್ಲವಲ್ಲ.

ಗುಲಾಬಿ ಸವರುವ ದಿನ ಬಂತು. ಮಹಡಿಯಮ್ಮನ ಕತ್ತರಿಯ ಕಚಕ್ ಕಚಕ್ ಸದ್ದು ಕೆಳಗೆ ಕೇಳಿಸುತ್ತಿತ್ತು. ಗೇಟಿನ ಹೊರಗೆ ಕೈಗಾಡಿಯ ಮೇಲೆ ಒಂದು ಮಂಚ, ಅದರ ಮೇಲೆ ಅದರ ಯಜಮಾನ, ಕಾಲಾಡಿಸುತ್ತ. ನಮ್ಮ ಹಜಾರದಲ್ಲಿ ಗಂಟುಮೂಟೆ ಸಿದ್ಧವಾಗಿತ್ತು.

ಅಪ್ಪ ಬುಟ್ಟಿಯ ಒಂದು ಹಿಡಿಕೆ ಹಿಡಿದ, ಅಮ್ಮ ಇನ್ನೊಂದು. ಒಳಗೇನಿದೆ ಎಂದು ಅಪ್ಪ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದ. ಹಿಂದೆ ಅಜ್ಜಿಯ ಕೈಹಿಡಿದು ನಾನು. ನಮ್ಮ ಹಿಂದೆ, ಬೇಕಾದರೆ ಓಡಲು ಅನುಕೂಲವಾಗುವಷ್ಟು ದೂರದಲ್ಲಿ, ಗಾರ್ಡ್ ಮಾವ ಮತ್ತು ನಿರೀಕ್ಷಕರು.

“ಇಳಿಸಿ” ಎಂದರು ಮಹಡಿಯಮ್ಮ.

ಇಳಿಸಿದರು. ಮಹಡಿಯಮ್ಮ ಮೇಲಿನ ಎಲೆ ಸರಿಸಿ ಕೈ ಒಳಗೆ ಹಾಕಿದರು. ಗಾರ್ಡ್ ಮಾವ ಕಿವಿ ಮುಚ್ಚಿಕೊಂಡರು. ಕೈ ಹೊರಗೆ ಬಂತು. ಅದರಲ್ಲಿ ಕಪ್ಪಗೆ ಏನೋ ಇತ್ತು. ಅವರು ಅದನ್ನು ಮೂಗಿನ ಹತ್ತಿರ ತಂದರು. ಬೆರಳಲ್ಲಿ ಉಜ್ಜಿದರು. ಅದರೊಳಗಿಂದ ಬಿಳಿಯ ಚೂರೊಂದನ್ನು ಹೆಕ್ಕಿ ಬೆಳಕಿಗೆ ಹಿಡಿದರು.

“ಇದೇನು?”

“ಮೊ... ಮೊಟ್ಟೆ ಚಿಪ್ಪು ಅಮ್ಮ” ಎಂದ ಅಪ್ಪ. “ಅದೊಂದು... ಅದೊಂದು ಬಾಕಿ ಉಳಿದಿರಬೇಕು. ಗಾಳಿ ಹೋಗಿತ್ತಮ್ಮ. ನಾನು ಬೇಡ ಅಂತಲೇ ಅಂದಿದ್ದೆ...”

ಅಜ್ಜಿ ನನ್ನ ಕೈ ಬಿಟ್ಟು, ಮುಂದೆ ಬಗ್ಗಿ, ಬುಟ್ಟಿಯೊಳಗೆ ತಾನೂ ಕೈಯಿಟ್ಟಳು. ಅದು ಅವಳ ಬೆರಳ ಸಂದಿಯಿಂದ ಸಣ್ಣಗೆ, ಸದ್ದಿಲ್ಲದೆ ಉದುರಿತು.

“ಮಣ್ಣು ಕಣೇ” ಎಂದಳು ಅಜ್ಜಿ. “ಮಳೆ ಬಿದ್ದ ಮಣ್ಣಿನ ವಾಸನೆ.”

ಮಹಡಿಯಮ್ಮ ಮೊಟ್ಟೆಯ ಚಿಪ್ಪನ್ನು ಕೈಯಲ್ಲಿದ್ದ ಮಣ್ಣಿಗೇ ಮತ್ತೆ ಬೆರೆಸಿದರು. ಮೊದಲ ಕುಂಡಕ್ಕೆ ಬಗ್ಗಿ ಗಿಡದ ಬುಡಕ್ಕೆ ಹಾಕಿ ಅಂಗೈಯಲ್ಲಿ ಒತ್ತಿದರು. ಆಮೇಲೆ ಎದ್ದು ಮಹಡಿಯ ಕಟ್ಟೆಯಿಂದ ಕೆಳಗೆ ಬಗ್ಗಿದರು.

“ಲೋ, ಮಂಚ ಇಳಿಸಬೇಡ. ಆ ಮೂಲೆ ಬೀದೀಲಿ ಒಂದು ಮನೆ ಖಾಲಿ ಇದೆಯಂತೆ, ಹೋಗಿ ಕೇಳು.”

“ಅಕ್ಕಾ! ಅಳತೆ ಎಲ್ಲ ತಗೊಂಡಿದ್ದೆ!”

“ಅಲ್ಲೂ ತಗೋ.”

ನಿರೀಕ್ಷಕರು ಮೊದಲ ಮಾಸ್ಕು ತೆಗೆದರು. ಸ್ವಲ್ಪ ಯೋಚಿಸಿ ಎರಡನೆಯದನ್ನೂ ತೆಗೆದರು. “ಗುಣ ಆಯ್ತು” ಎಂದರು ತಮ್ಮಷ್ಟಕ್ಕೆ.

ಅಪ್ಪ ಬುಟ್ಟಿಯನ್ನು ಎತ್ತಿಕೊಂಡ. ಒಂದೊಂದೇ ಕುಂಡದ ಮುಂದೆ ನಿಂತು, ಬೊಗಸೆ ಬೊಗಸೆಯಾಗಿ, ಗಡಿಯಾರದ ಹಲ್ಲುಚಕ್ರಗಳನ್ನು ಜಾಗಕ್ಕೆ ಕೂರಿಸುವಷ್ಟು ಜೋಪಾನವಾಗಿ ಹಾಕುತ್ತ ಹೋದ. ಕಡೆಯ ಕುಂಡದ ಹತ್ತಿರ ಬುಟ್ಟಿಯನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದ. ಉಳಿದ ಒಂದು ಹಿಡಿಯೂ ಬಿತ್ತು.